ಎಡಕ್ಕೆ ಕೊಟ್ಟಿತೆಂದು ಬರೆದ ಕಾಗದ

ನಮ್ಮಣ್ಣ ಎರಡು ದೇಶ ನೋಡಿಕೊಂಡು ಬರುತ್ತೇನೆಂದು ಹೊರಟಾಗ ನನಗೆ ಹತ್ತೊಂಬತ್ತು ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಅಪ್ಪ ಅವ್ವ ಇಬ್ಬರಿಗೂ ಓದು ಬರಹ ಇರಲಿಲ್ಲ. ಬಂದ ಕಾಗದ ಓದಿ ಹೇಳುವುದು, ಅವರು ಹೇಳಿದ್ದನ್ನು ಬರೆದು ಡಬ್ಬಕ್ಕೆ ಹಾಕುವುದು ಅಣ್ಣನ ಕೆಲಸವಾಗಿತ್ತು. ಅವನು ಹೋದಮೇಲೆ ನನ್ನದಾಯಿತು. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಗೊತ್ತಿದ್ದ ಅಪ್ಪ ಈಗಿಲ್ಲ. ತಡವಾಗಿ ಗೊತ್ತಾದ ಅವ್ವನೂ ಇಲ್ಲ.

ನಮ್ಮೂರು ಗುಬ್ಬಿಗೆ ಮೂರು ಮೈಲಿ. ತೆಂಗಿನ ತೋಟ, ಅದರಾಚೆ ರಾಗಿ ಹೊಲ. ಅಣ್ಣ ತುಮಕೂರಿನಲ್ಲಿ ರೂಮು ಮಾಡಿಕೊಂಡು ಬಿ.ಎಸ್ಸಿ. ಓದಿದ, ಆಮೇಲೆ ಬಿ.ಎಡ್. ಮಾಡಿದ. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಡಿಗ್ರಿ ಮಾಡಿದವರು ಊರಿಗೆ ಇಬ್ಬರು ಮೂವರು ಇದ್ದರು, ಎಲ್ಲರೂ ಖಾಲಿ ಕೈಯಲ್ಲೇ ಇದ್ದರು. ಅಣ್ಣ ಎರಡು ವರ್ಷ ತುಮಕೂರಿನ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿಗೆ ಕಾರ್ಡು ಹಿಡಿದುಕೊಂಡು ಓಡಾಡಿದ. ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಹೆರಿಗೆ ರಜೆ ಹಾಕಿದ್ದ ಮೇಡಂ ಜಾಗದಲ್ಲಿ ಮೂರು ತಿಂಗಳು ಪಾಠ ಮಾಡಿದ್ದೇ ಅವನ ಸರ್ವಿಸು. ಆ ಮೇಡಂ ವಾಪಸ್ಸು ಬಂದ ದಿನ ಅವನು ಮನೆಗೆ ಬಂದು, ಕೈಗೆ ಹತ್ತಿದ ಸೀಮೆಸುಣ್ಣವನ್ನು ತುಂಬ ಹೊತ್ತು ತೊಳೆದುಕೊಂಡ.

ತುಮಕೂರಿನ ರೂಮಿನ ಪಕ್ಕದಲ್ಲಿ ಒಬ್ಬ ಮಲಯಾಳಿ ಇದ್ದ. ಅವನ ಕಡೆಯವರು ಎಷ್ಟೋ ಜನ ನೇಪಾಳ, ಭೂತಾನಗಳಲ್ಲಿ ಮೇಷ್ಟರಾಗಿದ್ದರಂತೆ. ಲೆಕ್ಕ, ವಿಜ್ಞಾನ ಹೇಳಿಕೊಡುವವರು ಅಲ್ಲಿ ಸಿಗುವುದಿಲ್ಲ, ಡಿಗ್ರಿ ಇದ್ದರೆ ಕರೆದು ಕೊಡುತ್ತಾರೆ, ನಮ್ಮವರಿಗೆ ಪಾಸ್‌ಪೋರ್ಟು ಕೂಡ ಬೇಡ ಎಂದು ಅವನು ಹೇಳಿದ. ಹೋದವರೆಲ್ಲ ಯಾವ ಕಡೆಯಿಂದ ಮೊದಲು ಕರೆ ಬಂತೋ ಆ ಕಡೆಗೆ ಹೋದವರು. ಅಣ್ಣ ಹಾಗೆ ಹೋಗುವವನಲ್ಲ. ಎರಡೂ ಕಡೆ ಹೋಗಿ, ಊರು ನೋಡಿ, ಶಾಲೆ ನೋಡಿ, ಅಲ್ಲಿರುವ ಮೇಷ್ಟರನ್ನು ಮಾತಾಡಿಸಿ, ಆಮೇಲೆ ಒಂದು ಕಡೆ ಸೇರುತ್ತೇನೆ ಎಂದ. ಬರೀ ನೋಡುವುದಕ್ಕೆ ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಅಪ್ಪ ಕೇಳಿದ.

"ಒಂದ್ ಜೊತೆ ಎತ್ತು ತರೋಕೆ ಮೂರ್ ಸಂತೆ ತಿರುಗ್ತೀಯ. ಹಲ್ ನೋಡ್ತೀಯ, ಸುಳಿ ನೋಡ್ತೀಯ. ನಾನ್ ಬಾಳೋ ಊರ್ನ ನೋಡ್ಬ್ಯಾಡ್ವಾ?" ಎಂದ ಅಣ್ಣ.

ಪಕ್ಕದ ಮನೆಯ ಚಿಕ್ಕಪ್ಪ ಅಲ್ಲೇ ಇದ್ದ. "ಅಲ್ಲ ಕಣ್ಲಾ, ತುಮ್ಕೂರ್ ರೈಸ್‌ಮಿಲ್ ಕಾಯೋಕೆ ಅಲ್ಲಿಂದ ಗೂರ್ಖ ಬತ್ತಾನೆ. ಅವ್ನ ಮಕ್ಳಿಗೆ ಲೆಕ್ಕ ಹೇಳ್ಕೊಡೋಕೆ ಇಲ್ಲಿಂದ ನೀನೋಯ್ತೀಯ. ರೈಲಲ್ಲಿ ಎದ್ರಾದ್ರೆ ಒಬ್ಬರ್ಗೊಬ್ರು ಕೈ ಮುಗ್ಕಳಿ" ಎಂದು ನಗಿಸಿದ.

ನಮ್ಮ ಮನೆದೇವರು ಇರುವುದು ಕುಣಿಗಲ್ ದಾಟಿ, ಯಡಿಯೂರಿನ ರಸ್ತೆಯಲ್ಲಿ ಇಳಿದು ಒಂದು ಮೈಲಿ ನಡೆದರೆ ಸಿಗುವ ಹಳ್ಳಿಯಲ್ಲಿ. ಬಾವಿ ತೋಡುವುದಿರಲಿ, ಹೆಣ್ಣು ತರುವುದಿರಲಿ, ಅಲ್ಲಿ ಹೋಗಿ ಹೂ ಕೇಳದೆ ಅಪ್ಪ ಒಂದು ಹೆಜ್ಜೆ ಇಟ್ಟವನಲ್ಲ. ಹೂ ಕೇಳುವುದು ಸೋಮವಾರ ಮಾತ್ರ. ಪೂಜಾರಪ್ಪ ದೇವರಿಗೆ ನೀರೆರೆದು, ಎರಡು ಭುಜಕ್ಕೂ ಒಂದೊಂದು ಒದ್ದೆ ಹೂ ಅಂಟಿಸುತ್ತಾನೆ. ಕೇಳುವವರು ಎದುರಿಗೆ ಕುಳಿತಿರಬೇಕು. ಬಲಗಡೆಯ ಹೂ ಜಾರಿದರೆ ಆಗಲಿ ಎಂದು, ಎಡಗಡೆಯದು ಜಾರಿದರೆ ಬೇಡ ಎಂದು. ಎರಡು ದಾರಿಯಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ ಬಲಕ್ಕೊಂದು ಎಡಕ್ಕೊಂದು ಹೆಸರಿಟ್ಟು ಕೇಳುವುದೂ ಉಂಟು. ಹೊತ್ತು ನೆತ್ತಿಗೆ ಬರುವವರೆಗೂ ಯಾವ ಹೂವೂ ಬೀಳದಿದ್ದರೆ ದೇವರು ಮಾತು ಕೊಡಲಿಲ್ಲ ಎಂದರ್ಥ. ಎದ್ದು ಬರಬೇಕು, ಇನ್ನೊಂದು ಸೋಮವಾರ ಹೋಗಬೇಕು. ಅಲ್ಲಿಯವರೆಗೆ ಆ ಕೆಲಸಕ್ಕೆ ಕೈ ಹಾಕುವಂತಿಲ್ಲ.

ನೋಡಿಕೊಂಡು ಬಾ, ಹೂ ಕೇಳದೆ ಮಾತ್ರ ಎಲ್ಲಿಯೂ ಸೇರಿಕೊಳ್ಳಬೇಡ ಎಂದು ಅಪ್ಪ ಅಣ್ಣನಿಂದ ಮಾತು ತೆಗೆದುಕೊಂಡ. ಅಣ್ಣನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ನೀರಿನ ಪಸೆ ಆರಿದರೆ ಯಾವ ಹೂವಾದರೂ ಬೀಳುತ್ತದೆ ಎಂದು ನನ್ನೊಬ್ಬಳ ಹತ್ತಿರ ಹೇಳಿ ನಗುತ್ತಿದ್ದ. ಆದರೆ ಕೊಟ್ಟ ಮಾತನ್ನು ಮುರಿಯುವವನೂ ಅಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ಟ್ರಂಕು, ಅವ್ವ ಕಟ್ಟಿಕೊಟ್ಟ ಹುರಿಹಿಟ್ಟು, ಚಟ್ನಿಪುಡಿ ತೆಗೆದುಕೊಂಡು ತುಮಕೂರಿನಲ್ಲಿ ರೈಲು ಹತ್ತಿದ.

ನೇಪಾಳದಿಂದ ಬಂದ ಕಾಗದ ಒಂದೂವರೆ ಪುಟ ಇತ್ತು. ಕುದುರೆ ಗಾಡಿಯಲ್ಲಿ ಕುಳಿತು ಬೇರೆ ದೇಶಕ್ಕೆ ಬಂದೆ, ಗಡಿ ದಾಟಿದ್ದೇ ತಿಳಿಯಲಿಲ್ಲ ಎಂದು ಬರೆದಿದ್ದ. ಅವನು ನೋಡಿದ ಶಾಲೆ ಗುಡ್ಡದ ಕಡೆ ಇರಲಿಲ್ಲ, ಗಡಿಗೆ ಹತ್ತಿರ ಬಯಲಿನಲ್ಲಿತ್ತು. ಬಿಸಿಲು, ಧೂಳು, ಎತ್ತಿನ ಗಾಡಿ ಎಲ್ಲ ಗುಬ್ಬಿಯ ಹಾಗೆ. ಅನ್ನ, ಬೇಳೆ ಸಿಗುತ್ತದೆ. ಸೊಳ್ಳೆ ಬಹಳ. ಒಂದು ಬೆಂಚಿಗೆ ಆರು ಮಕ್ಕಳು. ಶಾಲೆ ನಡೆಸುವವನು ಅಕ್ಕಿ ವ್ಯಾಪಾರಿ, ಮೇಷ್ಟರನ್ನು ಅಂಗಡಿಯ ಗುಮಾಸ್ತರ ಹಾಗೆ ಮಾತಾಡಿಸುತ್ತಾನೆ. ರಜೆ ಶನಿವಾರ, ಭಾನುವಾರ ಶಾಲೆ. ಗಡಿಯಾರ ನಮ್ಮದಕ್ಕಿಂತ ಹತ್ತು ನಿಮಿಷ ಮುಂದೆ. ಅವರ ಪಂಚಾಂಗದಲ್ಲಿ ಎರಡು ಸಾವಿರದ ಇಸವಿ ದಾಟಿ ಆಗಲೇ ಮೂವತ್ತು ವರ್ಷದ ಮೇಲಾಗಿದೆ.

ಇದನ್ನು ಓದಿದಾಗ ಅಪ್ಪ, "ಅಂಗಾರೆ ಅಲ್ಲಿ ಲೆಕ್ಕದಾಗೆ ನಾವೆಲ್ಲಾ ಸತ್ತೋಗಿದೀವಿ ಬುಡು" ಎಂದ. ಅವ್ವ ಅವನನ್ನು ಗದರಿಸಿದಳು.

ಭೂತಾನದ ಕಾಗದ ತಿಂಗಳ ಮೇಲೆ ಬಂತು, ನಾಲ್ಕು ಪುಟ. ಗಡಿಯಲ್ಲಿ ಬಣ್ಣದ ಬಾಗಿಲು, ಅಲ್ಲಿ ಒಂದು ಚೀಟಿ ಬರೆಸಿಕೊಂಡು ಒಳಗೆ ಬಿಡುತ್ತಾರೆ. ಅಲ್ಲಿಂದ ಬಸ್ಸು ಒಂದು ಹಗಲು ಗುಡ್ಡ ಸುತ್ತುತ್ತದೆ, ಮರುದಿನ ಇನ್ನೊಂದು ಬಸ್ಸು, ಆಮೇಲೆ ಅರ್ಧ ದಿನ ನಡಿಗೆ. ಕಿಟಕಿಯಿಂದ ಕೆಳಗೆ ನೋಡಿದರೆ ಹೊಳೆ ದಾರದಂತೆ ಕಾಣುತ್ತದೆ. ನಮ್ಮ ರೂಪಾಯಿ ಅಲ್ಲಿಯೂ ನಡೆಯುತ್ತದೆ, ಗಡಿಯಾರವೂ ನಮ್ಮದೇ. ಮೆಣಸಿನಕಾಯಿಯನ್ನು ಖಾರಕ್ಕೆ ಹಾಕುವುದಲ್ಲ, ತರಕಾರಿಯಂತೆ ಬೇಯಿಸಿ ತಿನ್ನುತ್ತಾರೆ. ಅನ್ನ ಕೆಂಪು. ಮಕ್ಕಳು ಮಂಡಿಯವರೆಗೆ ದಪ್ಪ ಬಟ್ಟೆ ಉಟ್ಟು ಸೊಂಟಕ್ಕೆ ಬಿಗಿದುಕೊಂಡು ಎರಡು ಗುಡ್ಡ ಹತ್ತಿಳಿದು ಶಾಲೆಗೆ ಬರುತ್ತಾರೆ. ಮೇಷ್ಟರು ದಾರಿಯಲ್ಲಿ ಎದುರಾದರೆ ನಿಂತು, ಬಗ್ಗಿ, ಹಾದು ಹೋಗುವವರೆಗೆ ಕದಲುವುದಿಲ್ಲ. ಸರ್ಕಾರಿ ಕೆಲಸ, ಇರಲು ಮರದ ಮನೆ. ಒಂದು ಬೆಳಿಗ್ಗೆ ಎದ್ದಾಗ ಎದುರಿನ ಗುಡ್ಡದ ತಲೆ ಬೆಳ್ಳಗಿತ್ತಂತೆ. ಹಿಟ್ಟು ಚೆಲ್ಲಿದ ಹಾಗಿತ್ತು, ಅವ್ವನಿಗೆ ಹಾಗೆಂದು ಹೇಳು ಎಂದು ಬರೆದಿದ್ದ.

ಅವ್ವ ಅದನ್ನೆಲ್ಲ ಕೇಳಿಸಿಕೊಂಡು, "ಬ್ಯಾಡ ಅದು. ಆ ಬಯಲ್ ಊರೇ ವಾಸಿ. ಅಲ್ಲಿ ಪಶುಪತಿ ಅವ್ನಂತಲ್ಲ" ಎಂದಳು.

ಮೂರನೆಯ ಕಾಗದ ಸಿಲಿಗುರಿಯಿಂದ. ಮಲಯಾಳಿ ಗೆಳೆಯನ ಕಡೆಯವರ ಮನೆಯಲ್ಲಿ ಉಳಿದಿದ್ದೇನೆ, ಇಲ್ಲಿಂದ ಎರಡು ಕಡೆಗೂ ಬಸ್ಸಿದೆ, ಇಬ್ಬರೂ ಬಾ ಎಂದಿದ್ದಾರೆ, ಆದರೆ ತಿಂಗಳು ಮುಗಿಯುವುದರೊಳಗೆ ಹೋಗಿ ಸೇರಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತಾರೆ ಎಂದು ಬರೆದಿದ್ದ. ಬಲಕ್ಕೆ ನೇಪಾಳ, ಎಡಕ್ಕೆ ಭೂತಾನ ಎಂದು ಹೂ ಕೇಳಿ, ಕೂಡಲೇ ಬರೆಯಿರಿ. ತನಗೆ ಯಾವುದು ಬೇಕೆಂದು ಒಂದು ಅಕ್ಷರ ಬರೆದಿರಲಿಲ್ಲ. ಬರೆದರೆ ಅಪ್ಪ ಕೇಳುವ ಮೊದಲೇ ಒಂದು ಕಡೆಗೆ ವಾಲುತ್ತಾನೆಂದು ಅವನಿಗೆ ಗೊತ್ತಿತ್ತು.

ಆ ಕಾಗದ ಕೈಗೆ ಬರುವಾಗ ತಿಂಗಳಿಗೆ ಒಂದೇ ಸೋಮವಾರ ಉಳಿದಿತ್ತು. ಗುಬ್ಬಿಯಿಂದ ಅಲ್ಲಿಗೆ ಕಾಗದ ಹೋಗಲು ಆರು ದಿನ. ತಂತಿ ಕೊಡಬಹುದಿತ್ತು. ನಮ್ಮ ಕಡೆ ತಂತಿ ಕೊಡುವುದು ಯಾರಾದರೂ ಸತ್ತಾಗ ಮಾತ್ರ, ಹಾಗಾಗಿ ಆ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ.

ಅವ್ವ ಬರಲಿಲ್ಲ, ಹಸು ಈಯುವ ದಿನವಾಗಿತ್ತು. ಅಪ್ಪ ಮತ್ತು ನಾನು ಮೊದಲ ಬಸ್ಸಿಗೆ ತುಮಕೂರಿಗೆ ಹೋಗಿ, ಅಲ್ಲಿಂದ ಕುಣಿಗಲ್, ಕುಣಿಗಲ್‌ನಿಂದ ಇನ್ನೊಂದು ಬಸ್ಸು ಹಿಡಿದು ಒಂಬತ್ತು ಗಂಟೆಯ ಸುಮಾರಿಗೆ ದೇವಸ್ಥಾನ ಸೇರಿದೆವು. ಪೂಜಾರಪ್ಪ ನೀರೆರೆದು ಎರಡು ಕಣಗಿಲೆ ಹೂ ಅಂಟಿಸಿದ. ಅಪ್ಪ ಕೈ ಮುಗಿದು, ಮಗ ಇಂಥ ಕಡೆ ಹೋಗಿದ್ದಾನೆ, ಬಲಕ್ಕೆ ಕೊಟ್ಟರೆ ನೇಪಾಳ, ಎಡಕ್ಕೆ ಕೊಟ್ಟರೆ ಭೂತಾನ ಎಂದು ಹೇಳಿಕೊಂಡ. ಆ ಎರಡು ಹೆಸರು ಪೂಜಾರಪ್ಪನ ಬಾಯಲ್ಲಿ ತಿರುಗಲಿಲ್ಲ. "ಆ ಎಲ್ಡೂರು" ಎಂದು ಸೇರಿಸಿ ಮಂಗಳಾರತಿ ಮಾಡಿದ.

ಕುಳಿತೆವು. ನಾನು ಹೊರಗಿನ ಪಡಸಾಲೆಯ ಕಂಬಕ್ಕೆ ಒರಗಿಕೊಂಡು ನೋಡುತ್ತಿದ್ದೆ. ಕಲ್ಲಿನ ಮೇಲಿನ ನೀರು ಆರುತ್ತ ಬಂತು. ಎಡಗಡೆಯ ಹೂವಿನ ಒಂದು ಎಸಳು ಸ್ವಲ್ಪ ಕೆಳಕ್ಕೆ ಬಾಗಿತು. ಅಪ್ಪ ಮುಂದಕ್ಕೆ ಸರಿದ. ಅದು ಹಾಗೆಯೇ ನಿಂತಿತು. ಬಿಸಿಲು ಹೊಸ್ತಿಲು ದಾಟಿ ಹೊರಗೆ ಹೋಯಿತು. ಅಪ್ಪ ಇನ್ನೊಂದು ಸಲ ಹೇಳಿಕೊಂಡ, ಕೊನೆಗೆ ಬೇಡಿಕೊಂಡ.

"ಇವತ್ ಮಾತ್ ಕೊಡ್ನಿಲ್ಲ ಕಣಪ್ಪ. ಬರೋ ಸ್ವಾಮಾರ ಬನ್ನಿ" ಎಂದ ಪೂಜಾರಪ್ಪ.

ಅಷ್ಟು ಹೊತ್ತಿಗೆ ಮೀರಿ ಹೋಗುತ್ತದೆ, ಇನ್ನು ಸ್ವಲ್ಪ ಹೊತ್ತು ನೋಡೋಣ ಎಂದು ಅಪ್ಪ ಹೇಳಿದ.

"ಕತ್ ಹಿಡ್ದು ಮಾತಾಡ್ಸೋಕೆ ಅದೇನ್ ನಿನ್ ಸಾಲ್ಗಾರ್ನಾ? ಎದ್ದೇಳು" ಎಂದು ಪೂಜಾರಪ್ಪ ಬಾಗಿಲು ಎಳೆದುಕೊಂಡ. ಒಳಗೆ ಎರಡು ಹೂವೂ ಹಾಗೆಯೇ ಇದ್ದವು. ಸಂಜೆಯೊಳಗೆ ಅವು ಬಿದ್ದೇ ಇರುತ್ತವೆ. ಯಾವುದು ಮೊದಲು ಬಿತ್ತು ಎಂದು ನೋಡಲು ಅಲ್ಲಿ ಯಾರೂ ಇರಲಿಲ್ಲ.

ಕುಣಿಗಲ್‌ಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕುಳಿತೆವು. ಅಪ್ಪ ಏನೂ ತಿನ್ನಲಿಲ್ಲ. ದೇವರು ಮಾತು ಕೊಡಲಿಲ್ಲ, ಯಾವ ಕಡೆಯೂ ಸೇರಬೇಡ, ವಾಪಸ್ಸು ಬಾ ಎಂದು ಬರೆಯುವುದು ನಮ್ಮ ಕ್ರಮ. ಹಾಗೆ ಬರೆದರೆ ಅಣ್ಣನಿಗೆ ಎರಡೂ ತಪ್ಪುತ್ತವೆ, ಮತ್ತೆ ತುಮಕೂರಿನ ಕಾರ್ಡು, ಮತ್ತೆ ಯಾರದೋ ಹೆರಿಗೆ ರಜೆ. ಅಪ್ಪ ಜೇಬಿನಿಂದ, ಬೆಳಿಗ್ಗೆಯೇ ತೆಗೆದುಕೊಂಡು ಇಟ್ಟಿದ್ದ ಇನ್‌ಲ್ಯಾಂಡ್ ಕಾಗದ ತೆಗೆದು ನನ್ನ ಕೈಗೆ ಕೊಟ್ಟ.

"ಬರ್ದ್‌ಬುಡು ಮಗ."

"ಏನಂತ ಬರೀಲಪ್ಪ?"

"ಅವ್ನ ಕಾಗ್ದ ಎಲ್ಲಾ ಓದ್ದೋಳು ನೀನು. ಅವ್ನ ಮನ್ಸು ಎತ್ಲಾಗದೆ ಅಂತ ನಿಂಗ್ ತಿಳೀತದೆ. ಅತ್ಲಾಗೇ ಕೊಡ್ತು ಅಂತ ಬರಿ."

ನನಗೆ ಹೆಚ್ಚು ಯೋಚನೆ ಹತ್ತಲಿಲ್ಲ. ನೇಪಾಳಕ್ಕೆ ಒಂದೂವರೆ ಪುಟ, ಭೂತಾನಕ್ಕೆ ನಾಲ್ಕು ಪುಟ. ಒಂದರಲ್ಲಿ ಸೊಳ್ಳೆ, ಧೂಳು, ಅಕ್ಕಿ ವ್ಯಾಪಾರಿ. ಇನ್ನೊಂದರಲ್ಲಿ ಹಿಟ್ಟು ಚೆಲ್ಲಿದ ಗುಡ್ಡ. ಎಡಗಡೆಯ ಎಸಳು ಬಾಗಿದ್ದೂ ಕಣ್ಣ ಮುಂದಿತ್ತು. ದೇವರು ಎಡಕ್ಕೆ ಕೊಟ್ಟಿತು ಎಂದು ಬರೆದೆ. ಅಣ್ಣನಿಗೆ ಬೇಕಾದದ್ದನ್ನೇ ಕೊಡುತ್ತಿದ್ದೇನೆಂದು ಬರೆಯುವಾಗ ಸಂತೋಷವೂ ಆಯಿತು. ಪೋಸ್ಟಾಫೀಸಿನ ಡಬ್ಬಕ್ಕೆ ಹಾಕಿ ಬಂದ ಮೇಲೆ ಅಪ್ಪ, ಅವ್ವನಿಗೂ ಹಾಗೆಯೇ ಹೇಳು ಎಂದ. ಅವ್ವ ಕೇಳಿ, ದೇವರೇ ಹೇಳಿದ ಮೇಲೆ ನನ್ನದೇನು ಎಂದಳು. ಹಸು ಆಗಲೇ ಈದಿತ್ತು.

ಅಣ್ಣನ ಉತ್ತರ ಮೇ ತಿಂಗಳ ಕೊನೆಗೆ ಬಂತು. ಅಪ್ಪ ಅವ್ವ ಇಬ್ಬರೂ ಜಗುಲಿಯಲ್ಲಿ ಕುಳಿತಿದ್ದರು. ಶಾಲೆ ಸೇರಿದ್ದೇನೆ, ಏಳನೆಯ ತರಗತಿಗೆ ಲೆಕ್ಕ, ವಿಜ್ಞಾನ ಎರಡೂ ನನಗೇ ಕೊಟ್ಟಿದ್ದಾರೆ, ಮಕ್ಕಳು ನನ್ನ ಇಂಗ್ಲಿಷಿಗೆ ಬಾಯಿ ಮುಚ್ಚಿಕೊಂಡು ನಗುತ್ತಾರೆ ಎಂದೆಲ್ಲ ಇತ್ತು. ಕೊನೆಯಲ್ಲಿ, ಇದು ನಿನಗೊಬ್ಬಳಿಗೆ, ಜೋರಾಗಿ ಓದಬೇಡ ಎಂದು ಬರೆದು, ಅದರ ಕೆಳಗೆ ಹೀಗೆ ಬರೆದಿದ್ದ: "ನನ್ನ ಮನಸ್ಸು ನೇಪಾಳದ ಕಡೆ ಇತ್ತು. ಭೂತಾನದ ಬಗ್ಗೆ ಅಷ್ಟು ಬರೆದದ್ದು ಮತ್ತೆ ನೋಡುವುದಿಲ್ಲವೆಂದು. ಮನೆಯಲ್ಲಿ ಯಾರಿಗಾದರೂ ಹೆಚ್ಚುಕಡಿಮೆಯಾದರೆ ನೇಪಾಳದಿಂದ ಮೂರು ದಿನಕ್ಕೆ ಊರು ಸೇರಬಹುದಿತ್ತು. ಇಲ್ಲಿಂದ ಆರು ದಿನ ಬೇಕು, ಮಳೆ ಹಿಡಿದರೆ ಎಷ್ಟು ದಿನವೋ. ಇರಲಿ, ಕೇಳಿದ ಮೇಲೆ ಅದರಂತೆ ನಡೆಯಬೇಕು."

ಅಷ್ಟನ್ನು ಬಿಟ್ಟು ಓದಿದೆ. ಕಾಗದವನ್ನು ಮಡಚಿ, ಉಳಿದ ಕಾಗದಗಳ ಜೊತೆ ಇಡದೆ ನನ್ನ ಹತ್ತಿರವೇ ಇಟ್ಟುಕೊಂಡೆ.

ಆಗಲೂ ಬರೆಯಬಹುದಿತ್ತು. ಹೂ ಬೀಳಲಿಲ್ಲ, ನಾನೇ ಬರೆದದ್ದು, ನೇಪಾಳದಲ್ಲಿ ಬೇರೆ ಶಾಲೆಯಾದರೂ ನೋಡಿಕೊ ಎಂದು ಬರೆಯಲು ನನಗೆ ಪೂರ್ತಿ ಎರಡು ತಿಂಗಳಿತ್ತು. ಎರಡು ಸಲ ಕುಳಿತೆ. ಬರೆದರೆ ಅಪ್ಪ ದೇವರ ಹೆಸರಿನಲ್ಲಿ ಸುಳ್ಳು ಹೇಳಿಸಿದ ಎಂದಾಗುತ್ತದೆ. ಅದೂ ಅಲ್ಲದೆ ನನ್ನ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆಯ ಮೂಲೆಗೆ ಅರಿಸಿನ ಹಚ್ಚುವ ಮನೆಯಲ್ಲಿ ಅಂಥ ಕಾಗದ ಬರೆಯುವುದಕ್ಕೆ ಕೈ ಬರಲಿಲ್ಲ. ಜೂನ್‌ನಲ್ಲಿ ಮದುವೆಯಾಯಿತು. ಈಗ ತಾನೇ ಸೇರಿದವನಿಗೆ ರಜೆ ಸಿಗುವುದಿಲ್ಲ ಎಂದು ಅಣ್ಣ ಬರಲಿಲ್ಲ. ನನ್ನ ಯಜಮಾನರಿಗೆ ಕುಣಿಗಲ್‌ನಲ್ಲಿ ನಾಲೆ ಆಫೀಸಿನಲ್ಲಿ ಕೆಲಸ. ನಾನು ಕುಣಿಗಲ್‌ಗೆ ಬಂದೆ.

ಜುಲೈ ಕೊನೆಯಲ್ಲಿ ಒಂದು ಮಧ್ಯಾಹ್ನ ಅಪ್ಪ ಬಂದ. ಕಾಲಿಗೆ ಚಪ್ಪಲಿ ಇರಲಿಲ್ಲ. ನೀರು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಅಂಗಿಯ ಒಳಗಿನಿಂದ ಮಡಚಿದ ತಂತಿ ಕಾಗದ ತೆಗೆದು ಕೊಟ್ಟ. ಅದರಲ್ಲಿ ಏನಿದೆಯೆಂದು ಗುಬ್ಬಿಯ ಪೋಸ್ಟ್‌ಮಾಸ್ಟರು ಬೆಳಿಗ್ಗೆಯೇ ಓದಿ ಹೇಳಿದ್ದರು. ಆದರೂ ಅವನು ಎರಡು ಬಸ್ಸು ಬದಲಾಯಿಸಿ ಕುಣಿಗಲ್‌ವರೆಗೆ ಬಂದಿದ್ದ.

"ಅವ್ರು ಏನೇನೋ ಓದುದ್ರು. ನೀನ್ ಓದು ಮಗ" ಎಂದ.

ನಾನು ಓದಿದೆ. ಗುಡ್ಡ ಕುಸಿದಿತ್ತು. ಪರೀಕ್ಷೆಯ ಕಾಗದ ತರಲು ಅಣ್ಣ ಪೇಟೆಗೆ ಹೋಗಿ, ಲಾರಿಯೊಂದರಲ್ಲಿ ವಾಪಸ್ಸು ಬರುತ್ತಿದ್ದನಂತೆ. ಲಾರಿ ಹೊಳೆಗೆ ಹೋಯಿತು. ಹೆಣ ಮೂರು ದಿನದ ಮೇಲೆ ಸಿಕ್ಕಿ, ಅಲ್ಲಿನ ಮೇಷ್ಟರೇ ಸುಟ್ಟಿದ್ದರು. ಇದನ್ನೆಲ್ಲ ವಿವರವಾಗಿ ಬರೆದ ಹೆಡ್‌ಮಾಸ್ಟರ ಕಾಗದ ಆಮೇಲೆ ಬಂತು, ರಸ್ತೆ ಮುಚ್ಚಿದೆ, ಬರಬೇಡಿ ಎಂದೂ ಅದರಲ್ಲಿತ್ತು.

ನನ್ನ ಬಾಯಿಂದ ಕೇಳಿದ ಮೇಲೆ ಅಪ್ಪ ಗೋಡೆಗೆ ಒರಗಿ ಕುಳಿತ. ಅವನು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಒಟ್ಟಿಗೆ ಊರಿಗೆ ಹೊರಟೆವು. ತುಮಕೂರಿನ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಿಂತು, ನನ್ನ ಮುಖ ನೋಡದೆ, "ಹೂವಿನ್ ವಿಸ್ಯ ನಿಮ್ಮವ್ವಂಗೆ ಬಾಯ್ ಬುಡ್‌ಬ್ಯಾಡ" ಎಂದ. ಅಣ್ಣ ಬರೆದಿದ್ದ ಕೊನೆಯ ಸಾಲುಗಳನ್ನು ನಾನೂ ಅಪ್ಪನಿಗೆ ಹೇಳಲಿಲ್ಲ. ಅಂದಿನಿಂದ ಅವನ ಹತ್ತಿರ ಒಂದು, ನನ್ನ ಹತ್ತಿರ ಎರಡು ಗುಟ್ಟು ಉಳಿದವು.

ಅಣ್ಣನನ್ನು ಕೊಂಡೊಯ್ದದ್ದು ಮಳೆ ಎಂದು ಅವ್ವ ಅನ್ನಲಿಲ್ಲ, ಲಾರಿ ಎನ್ನಲಿಲ್ಲ, ಹಣೆಬರಹ ಎಂದೂ ಅನ್ನಲಿಲ್ಲ. ಮನೆದೇವರೇ ಎಂದಳು. ತಾನು ಬಯಲೂರು ಎಂದಿದ್ದೆ, ಅದು ಎಡಕ್ಕೆ ಕೊಟ್ಟು ಕಳಿಸಿತು ಎಂದಳು. ಹನ್ನೊಂದನೆಯ ದಿನ ಕಳೆದ ಮೇಲೆ ದೇವರಗೂಡಿನಿಂದ ಮನೆದೇವರ ಕಳಶ ತೆಗೆದು ಅಟ್ಟಕ್ಕೆ ಹಾಕಿದಳು. ಸೋಮವಾರ ಬಂದರೆ ಅಂಗಳ ಗುಡಿಸುತ್ತ ಗುಡಿಸುತ್ತ ನಿಂತು, ಕುಣಿಗಲ್ ದಿಕ್ಕಿಗೆ ಮುಖ ಮಾಡಿ ಬೈಯುತ್ತಿದ್ದಳು. ಅಕ್ಕಪಕ್ಕದವರು ಮೊದಲು ಸಮಾಧಾನ ಹೇಳಿದರು, ಆಮೇಲೆ ಹೆದರಿದರು, ಕೊನೆಗೆ ಅಭ್ಯಾಸವಾಯಿತು. "ನಿಂಗ್ ಎಣ್ಣೆ ಎರ್ದಿದ್ದು ಇದ್ಕೇನಾ? ಬಾಯಿದ್ದಿದ್ರೆ ಬಲಕ್ಕೆ ಅನ್ನಕ್ಕೆ ಆಯ್ತಿರ್ನಿಲ್ವಾ?" ಎನ್ನುತ್ತಿದ್ದಳು. ಬೈಗುಳ ಶುರುವಾಗುವ ಮೊದಲೇ ಅಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋಗಿಬಿಡುತ್ತಿದ್ದ.

ಅಪ್ಪ ವರ್ಷಕ್ಕೆ ಎರಡು ಸಲ ನಮ್ಮ ಮನೆಗೆ ಬರುತ್ತಿದ್ದ. ಮಗಳನ್ನು ನೋಡಲು ಎಂದು ಹೇಳಿ ಬಂದು, ನನ್ನ ಮನೆಯಲ್ಲಿ ಚೀಲ ಇಟ್ಟು, ದೇವರ ಹಳ್ಳಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬರುತ್ತಿದ್ದ. ವಾಪಸ್ಸು ಹೊರಡುವ ಮುಂಚೆ ನಮ್ಮ ನಲ್ಲಿಯಲ್ಲಿ ಹಣೆಯ ವಿಭೂತಿಯನ್ನು ಉಜ್ಜಿ ತೊಳೆದುಕೊಳ್ಳುತ್ತಿದ್ದ. ಅವ್ವ ನೋಡಬಾರದು. ಟವೆಲ್ಲು ಕೊಡುತ್ತಿದ್ದೆ, ಒರೆಸಿಕೊಂಡು ಬಸ್ಸಿಗೆ ಹೋಗುತ್ತಿದ್ದ. ಹೀಗೆ ನಾಲ್ಕು ವರ್ಷ. ಐದನೆಯ ವರ್ಷ ತೋಟದಲ್ಲಿ ನೀರು ಕಟ್ಟುತ್ತಿದ್ದವನು ಅಲ್ಲಿಯೇ ಬಿದ್ದು ಹೋದ.

ತೋಟ, ಹೊಲ ಚಿಕ್ಕಪ್ಪನಿಗೆ ಗುತ್ತಿಗೆಗೆ ಬಿಟ್ಟು ಅವ್ವನನ್ನು ಕುಣಿಗಲ್‌ಗೆ ಕರೆತಂದೆ. ಇಲ್ಲಿ ದೇವರು ಇನ್ನೂ ಹತ್ತಿರ. ಆ ಕಡೆಯ ಬಸ್ಸು ದಿನಕ್ಕೆ ಮೂರು ಸಲ ನಮ್ಮ ಮನೆಯ ಮುಂದೆಯೇ ಹೋಗುತ್ತಿತ್ತು. ಅವ್ವ ಜಗುಲಿಯಲ್ಲಿ ಕುಳಿತಿದ್ದರೆ ಆ ಬಸ್ಸು ಬಂದಾಗ ಬೆನ್ನು ತಿರುಗಿಸುತ್ತಿದ್ದಳು. ನನ್ನ ಮಗಳ ಮುಡಿ ತೆಗೆಸುವುದನ್ನೂ ಅಲ್ಲಿ ಮಾಡಲು ಬಿಡಲಿಲ್ಲ. ಯಜಮಾನರು ತಮ್ಮ ಕಡೆಯ ದೇವರಲ್ಲಿ ಮಾಡಿಸಿದರು. ಸೋಮವಾರದ ಬೈಗುಳ ಇಲ್ಲಿಯೂ ನಡೆಯಿತು. ಒಂದು ಸಲ ಯಜಮಾನರು, ನಮ್ಮ ಬೀದಿಗೆ ಆಕಾಶವಾಣಿ ಬೇಡ ಎಂದು ನಗಲು ನೋಡಿದರು. ನಾನು ನಗಲಿಲ್ಲವೆಂದು ಅವರೂ ಬಿಟ್ಟರು.

ಅಣ್ಣ ಹೋಗಿ ಒಂಬತ್ತು ವರ್ಷವಾದಾಗ ಅವ್ವನ ಎದೆಯಲ್ಲಿ ಗಂಟು ಕಾಣಿಸಿತು. ತುಮಕೂರಿನಲ್ಲಿ ತೋರಿಸಿದೆವು. ಆಪರೇಷನ್ ಮಾಡಿದರೂ ಹೆಚ್ಚು ದಿನ ಹೇಳಲಾಗದು ಎಂದರು. ಊರಿನಿಂದ ನೋಡಲು ಬಂದ ಚಿಕ್ಕಪ್ಪ, ಒಂದು ಸಲ ದೇವರ ಹತ್ತಿರ ಹೋಗಿ ಕೈ ಮುಗಿದು ಬಾ ಅತ್ತಿಗೆ, ಈ ಸಿಟ್ಟು ಹೊತ್ತುಕೊಂಡು ಹೋಗಬೇಡ ಎಂದು ಕೇಳಿಕೊಂಡ. ಅವ್ವ ಅವನ ಮುಖಕ್ಕೆ ಹೊಡೆದ ಹಾಗೆ, ನನ್ನ ಮಗನನ್ನು ನುಂಗಿದ ಬಾಯಿ ಅದು ಎಂದಳು.

ಆ ರಾತ್ರಿಯೆಲ್ಲ ನನಗೆ ಅದೊಂದೇ ಯೋಚನೆ. ದೇವರು ಅಂದು ಬಾಯಿಯೇ ಬಿಟ್ಟಿರಲಿಲ್ಲ. ಮಾಡದ ತಪ್ಪಿಗೆ ಒಂಬತ್ತು ವರ್ಷ ಬೈಸಿಕೊಂಡಿದೆ. ಅವ್ವನೂ ತಪ್ಪು ಮಾಡದವರನ್ನು ಬೈದುಕೊಂಡೇ ಸಾಯುತ್ತಾಳೆ. ನಿಜ ಹೇಳಿದರೆ ಅವಳು ಹೋಗಿ ಕೈ ಮುಗಿಯುತ್ತಾಳೆ, ಮನಸ್ಸು ಹಗುರ ಮಾಡಿಕೊಳ್ಳುತ್ತಾಳೆ, ಬೈದರೆ ನನ್ನನ್ನು ಬೈಯುತ್ತಾಳೆ, ಅದು ನನಗೆ ಸಲ್ಲಬೇಕಾದದ್ದೇ ಎಂದು ಲೆಕ್ಕ ಹಾಕಿದೆ. ಅಪ್ಪ ಬೇಡ ಎಂದಿದ್ದ. ಆದರೆ ಅಪ್ಪ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅವ್ವ ಹಿತ್ತಲಿನ ಬಿಸಿಲಿನಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕುಳಿತು ನಾನೂ ಕೈ ಹಾಕಿದೆ. ಹೇಳಿದೆ. ಹೂ ಬೀಳಲಿಲ್ಲ ಎಂದು, ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಎಡಕ್ಕೆ ಎಂದು ಬರೆದವಳು ನಾನೇ ಎಂದು, ಅಣ್ಣನಿಗೆ ಬೇಕಾಗಿದ್ದದ್ದು ಬಯಲೂರು ಎಂದು ಆಮೇಲೆ ತಿಳಿಯಿತೆಂದು, ತಿಳಿದ ಮೇಲೂ ಬರೆಯಲಿಲ್ಲ ಎಂದು. ಒಂದನ್ನೂ ಬಿಡಲಿಲ್ಲ.

ಅವ್ವನ ಕೈ ನಿಲ್ಲಲಿಲ್ಲ. ಇನ್ನೂ ಏಳೆಂಟು ಕಾಯಿ ಸುಲಿದಳು.

"ನಿಮ್ಮಪ್ಪಂಗೂ ಗೊತ್ತಿತ್ತಾ?"

"ಹೂಂ."

"ಅದ್ಕೇ ತ್ವಾಟಕ್ಕೆ ಓಡ್ತಿದ್ದ" ಎಂದಳು. ಆಮೇಲೆ ಕೇಳಿದಳು, "ಇವಾಗ್ ಯಾಕೇ ಹೇಳ್ದೆ?"

ದೇವರ ಮೇಲೆ ಸಿಟ್ಟು ಇಟ್ಟುಕೊಂಡು ಹೋಗಬಾರದು ಅಂತ ಎಂದೆ.

ಆಗ ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸು ತಪ್ಪಿಸಿಕೊಂಡವರ ಹಾಗೆ ಕಂಡಳು.

"ಅವ್ನ್ ಕಲ್ಲು. ಎಷ್ಟ್ ಬೈದ್ರೂ ತಡ್ಕಂಡಿದ್ದ. ಇನ್ನ್ ಯಾರ್ನ ಬೈಲೇ ನಾನು? ಸತ್ತೋಗಿರೋ ನಿಮ್ಮಪ್ಪನ್ನಾ? ನಿನ್ನ ಬೈಯ್ಯನಾ ಅಂದ್ರೆ ನಿನ್ ಕೈಲಿ ಉಣ್ಬೇಕು ನಾನು."

ಸಿಪ್ಪೆಯನ್ನು ಮೊರಕ್ಕೆ ತುಂಬಿಕೊಂಡು ಪಕ್ಕದ ಮನೆಯ ಹಸುವಿಗೆ ಹಾಕಲು ಎದ್ದು ಹೋದಳು.

ದೇವರ ಹತ್ತಿರ ಅವಳು ಹೋಗಲಿಲ್ಲ. ನಾನು ಒಮ್ಮೆ ಕೇಳಿದೆ, ಏನೆಂದು ಹೋಗಲಿ ಎಂದಳು, ಅಷ್ಟೇ. ಬಸ್ಸಿಗೆ ಬೆನ್ನು ತಿರುಗಿಸುವುದನ್ನು ಬಿಟ್ಟಳು. ಬಂದರೆ ನೋಡುತ್ತಿದ್ದಳು, ಹೋದರೆ ನೋಡುತ್ತಿದ್ದಳು. ಅಣ್ಣನ ಮಾತು ಎತ್ತಲಿಲ್ಲ. ಅದುವರೆಗೆ ನನ್ನನ್ನು ಮುದ್ದಿನಿಂದ ಪಾಪ ಎಂದು ಕರೆಯುತ್ತಿದ್ದವಳು ಆಮೇಲೆ ಯಾವ ಹೆಸರಿನಿಂದಲೂ ಕರೆಯಲಿಲ್ಲ. ಏನಾದರೂ ಬೇಕಾದರೆ ನನ್ನ ಮಗಳ ಕೈಯಲ್ಲಿ ಹೇಳಿ ಕಳಿಸುತ್ತಿದ್ದಳು. ಬಡಿಸಿದ್ದನ್ನು ಊಟ ಮಾಡುತ್ತಿದ್ದಳು, ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದಳು.

ಹೀಗೆ ಏಳು ತಿಂಗಳು ಇದ್ದಳು. ಕೈಲಾಗುವವರೆಗೆ ಸೋಮವಾರ ಬೆಳಿಗ್ಗೆ ಬೇಗ ಎದ್ದು ಅಂಗಳ ಗುಡಿಸುವುದನ್ನು ಮಾತ್ರ ಬಿಡಲಿಲ್ಲ. ನಾನು ಒಲೆಯ ಮುಂದೆ ಕೆಲಸ ನಿಲ್ಲಿಸಿ ಕಿವಿ ಕೊಡುತ್ತಿದ್ದೆ. ಪೊರಕೆಯ ಸದ್ದು ಅಂಗಳದ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ನಡುವೆ ಒಂದು ಕಡೆ ನಿಲ್ಲುತ್ತಿತ್ತು. ಈಗಲಾದರೂ ನನ್ನ ಹೆಸರು ಹಿಡಿದು ಒಂದು ಮಾತು ಬೈಯಲಿ ಎಂದು ಕಾಯುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಪೊರಕೆ ಮತ್ತೆ ಗುಡಿಸುತ್ತಿತ್ತು.